ತಪಸ್ಸು ಕಾಲಕ್ಕೆ ಸಿಕ್ಕಿಬಿದ್ದ ಅಲ್ಲೆಲೂಯ

ಹಾಡು ಕಟ್ಟುವ ಹುಡುಗರು ಸಲಹೆ ಕೇಳಿದರೆ ನಾನು ಹೇಳುವುದು ಇಷ್ಟೇ: ರಾಗ ಹುಡುಕುವ ಮುಂಚೆ ಚರ್ಚಿನ ಕ್ಯಾಲೆಂಡರ್ ನೋಡ್ರಪ್ಪ.

ತೊಂಬತ್ತರ ದಶಕದ ಕೊನೆ. ಹಳೇ ಆಂಪ್ಲಿಫೈಯರು, ಸ್ಪೀಕರು ಕೊಂಡು ರಿಪೇರಿ ಮಾಡಿ ಮಾರುವುದು ನನ್ನ ಕಸುಬು. ಬಿಕರಿಯಾಗದೆ ಉಳಿದ ಸಾಮಾನಿನಿಂದಲೇ ನಮ್ಮ ರಾಕ್ ಬ್ಯಾಂಡ್ ಹುಟ್ಟಿದ್ದು. ಚರ್ಚಿನ ಇಬ್ಬರು ಗೆಳೆಯರಲ್ಲಿ ಒಬ್ಬ ಗಿಟಾರ್, ಒಬ್ಬ ಡ್ರಮ್ಸ್; ಬೇಸ್ ಗಿಟಾರೂ ಪದಗಳೂ ನನ್ನವು. ಕುಂಬಾರಕೊಪ್ಪಲಿನ ನಮ್ಮ ಬಾಡಿಗೆ ಮನೆಯ ಮುಂದಿನ ಕೋಣೆಯಲ್ಲಿ ಅಭ್ಯಾಸ. ಒಳಗೆ ಅಕ್ಕ ಮಲಗಿರುತ್ತಿದ್ದಳು. ಅಪ್ಪ ಅಮ್ಮ ಹೋದ ಮೇಲೆ ನನ್ನನ್ನು ಸಾಕಿದವಳು. ಹೊಟ್ಟೆಯ ಕ್ಯಾನ್ಸರು. ಇನ್ನು ಮನೆಗೆ ಕರಕೊಂಡು ಹೋಗಿ ಅಂದಿದ್ದರು ಡಾಕ್ಟರು.

ಡಾಕ್ಟರ ಹತ್ತಿರ ನನ್ನ ಚೌಕಾಸಿ ನಡೆಯಲಿಲ್ಲ. ದೇವರ ಹತ್ತಿರ ಕೂತೆ: ಅಕ್ಕನನ್ನು ಉಳಿಸು, ನಿನಗೊಂದು ಹಾಡು ಕೊಡ್ತೀನಿ. ಯೇಸು ಎದ್ದುಬಂದ ಮೇಲೆ ಕಲ್ಲು ಉರುಳಿದ ಸಮಾಧಿ, ಬೆಳಗಿನ ಬೆಳಕು, ಪಲ್ಲವಿಯಲ್ಲಿ ಮೂವರೂ ಗಂಟಲು ಹರಿಯುವಂತೆ ಅಲ್ಲೆಲೂಯ. ಪದ ಇನ್ನೂ ಕೂತಿರಲಿಲ್ಲ, ಬರೀ ರಾಗ ಕೇಳಿಯೇ ಅಕ್ಕ, "ಇದನ್ನ ಚರ್ಚಿನ ಪೂಜೇಲಿ ಹಾಡು ಕಣೋ, ನನ್ನ ಎತ್ಕೊಂಡಾದ್ರೂ ಹೋಗು, ಅಲ್ಲೇ ಕೇಳ್ತೀನಿ," ಅಂದಳು.

ಹಾಡು ಮುಗಿಯುವಷ್ಟರಲ್ಲಿ ಬೂದಿ ಬುಧವಾರ ಕಳೆದಿತ್ತು. ಅಲ್ಲಿಂದ ಈಸ್ಟರ್‌ವರೆಗೆ ತಪಸ್ಸು ಕಾಲ, ಯೇಸುವಿನ ಪಾಡು ನೆನೆದು ಉಪವಾಸವಿರುವ ದಿನಗಳು. ಚರ್ಚಿನಲ್ಲಿ ಅಲ್ಲೆಲೂಯ ಅನ್ನುವ ಸಂಭ್ರಮದ ಪದವನ್ನೇ ಎತ್ತುವಂತಿಲ್ಲ. ಹುಟ್ಟಿದಾಗಿನಿಂದ ಗೊತ್ತಿದ್ದ ನೇಮ, ರಾಗದ ಮತ್ತಿನಲ್ಲಿ ಮೂವರಿಗೂ ಮರೆತುಹೋಗಿತ್ತು.

ಫಾದರ್ ಹತ್ತಿರ ಓಡಿದೆ. "ಒಂದೇ ಒಂದು ಸಲ ಫಾದರ್. ಬೇಕಾದ್ರೆ ಡ್ರಮ್ಸ್ ಬಿಟ್ಬುಡ್ತೀವಿ."

"ತಪಸ್ಸು ಕಾಲದಲ್ಲಿ ಡ್ರಮ್ಸು ಹೆಂಗೂ ಇಲ್ಲ ಕಣಯ್ಯ. ಇಲ್ಲದ್ದನ್ನ ಬಿಟ್ಕೊಡ್ತೀನಿ ಅಂತ ನನ್ನ ಹತ್ರಾನೇ ವ್ಯಾಪಾರಾನಾ?"

ನಗಲಿಲ್ಲ ನಾನು. ಫಾದರ್ ದನಿ ತಗ್ಗಿಸಿದರು. "ಮನೇಲಿ ಹಾಡ್ಕೊಳ್ರಪ್ಪ. ನಾನೇನು ಬಂದು ತಡೀತೀನಾ?"

ತಡೆದವಳು ಅಕ್ಕ. "ಈಗ ಆ ಪದ ಬೇಡ ಕಣೋ."

"ಈಸ್ಟರ್ ತನಕ ಕಾಯೋಕಾಗುತ್ತಾ ನಿನ್ನ ಕೈಲಿ?" ಬಾಯಿಂದ ಬಂದುಬಿಟ್ಟಿತು. ಬಾಗಿಲಲ್ಲಿ ನಿಂತಿದ್ದ ಗೆಳೆಯರು ನೆಲ ನೋಡಿದರು.

"ಆಗಲ್ಲ," ಅಂದಳು. "ಅದಕ್ಕೆ? ಇಷ್ಟು ವರ್ಷ ಪಾಲಿಸಿದ್ದನ್ನ ಕೊನೇ ಸಲಕ್ಕೆ ಮುರೀಲಾ?"

"ಬೇರೆ ಏನಾದ್ರೂ ಹಾಕ್ಲಾ ಹಂಗಾದ್ರೆ?"

"ಹಾಕು. ನನಗೇನನ್ನಿಸ್ತಿದೆಯೋ ಅದನ್ನ ಹಾಕು."

"ಏನನ್ನಿಸ್ತಿದೆ?"

"ಭಯ."

ಆ ಮಧ್ಯಾಹ್ನ ಅವಳ ಮಂಚದ ಪಕ್ಕ ಆಂಪ್ಲಿಫೈಯರ್ ಎಳೆದು ತಂದೆವು. ಡ್ರಮ್ಸಿನವನು ಮಡಿಸಿದ ಹಾಸಿಗೆಗೆ ಕಡ್ಡಿ ಬಡಿದ. ಕೂಗಬೇಕಾಗಿದ್ದ ಪಲ್ಲವಿಯಲ್ಲಿ ಹಾಡಿದೆವು: ಭಯವಾಗುತಿದೆ ಸ್ವಾಮಿ, ಕೈ ಬಿಡಬೇಡ. ರಾಗ ಅದೇ. ಅಷ್ಟು ಎತ್ತರದ ರಾಗದಲ್ಲಿ ಆ ಮಾತು ಬೇಡಿಕೆಯಂತಿರಲಿಲ್ಲ, ಜಗಳದಂತಿತ್ತು.

"ಜೋರಾಗಿ," ಅಂದಳು ಅಕ್ಕ. "ಅವನಿಗೆ ಕೇಳಿಸಬೇಕು."

ಮತ್ತೆ ಹಾಡಿದೆವು. ಪಕ್ಕದ ಮನೆಯವರು ಕಿಟಕಿ ಮುಚ್ಚಿಕೊಂಡರು. ಅಕ್ಕ ಪೂರ್ತಿ ಕೇಳಿದಳು. ಈಸ್ಟರಿಗೆ ಒಂದು ವಾರ ಮುಂಚಿನ ಗರಿಗಳ ಭಾನುವಾರವೂ ಅವಳಿಗೆ ಸಿಗಲಿಲ್ಲ.

ಈಸ್ಟರ್ ಬೆಳಿಗ್ಗೆ ಫಾದರೇ ಕೈಸನ್ನೆ ಮಾಡಿ, "ಈಗ ಹಾಡ್ರಪ್ಪ," ಅಂದರು. ಗೆಳೆಯರಿಬ್ಬರೂ ಅಲ್ಲೆಲೂಯ ಎತ್ತಿದರು, ಜನ ಚಪ್ಪಾಳೆ ಹಾಕಿದರು. ನನ್ನ ಬಾಯಲ್ಲಿ ಬಂದದ್ದು ಅಕ್ಕನ ಸಾಲೇ. ಯಾರೂ ತಿರುಗಿ ನೋಡಲಿಲ್ಲ. ಡ್ರಮ್ಸಿನ ಅಬ್ಬರದಲ್ಲಿ ಕೇಳಿಸಿರಲಾರದು.