ನೆಲ ಮುಟ್ಟದ ಮರಿ

ಸಹೋದ್ಯೋಗಿಯ ಬಡ್ತಿ, ಬೀಗರ ಬೋರ್‌ವೆಲ್ಲಿನ ನೀರು, ಇಂಥವನ್ನು ಕಂಡು ನಾನು ಹೊಟ್ಟೆಕಿಚ್ಚುಪಟ್ಟದ್ದುಂಟು. ಆದರೆ ಮೂರು ತಿಂಗಳ ನಾಯಿಮರಿಯೊಂದನ್ನು ಕಂಡು ಕರುಬಿದ್ದು ಈ ವರ್ಷವೇ ಮೊದಲು.

ಅದು ನಮ್ಮ ಮನೆಯ ಮರಿ ಕಾಳ್ಯಾನ ಒಡಹುಟ್ಟಿದ ತಂಗಿ. ಖಾನಾಪುರದ ಯಲ್ಲಪ್ಪ ನನ್ನ ಶಾಲೆಯ ಗೆಳೆಯ; ಕಚೇರಿ ನೌಕರಿ ಸಿಕ್ಕರೂ ಮನೆತನದ ಕುರಿ ಬಿಡದವನು. ಒಂದೇ ಸೂಲಿನ ಮರಿಗಳಲ್ಲಿ ಗಂಡನ್ನು ನನಗೆ ಕೊಟ್ಟು ಹೆಣ್ಣನ್ನು ತಾನಿಟ್ಟುಕೊಂಡು ರಾಣಿ ಎಂದು ಹೆಸರಿಟ್ಟ.

ಬೆಳಗಾವಿಯ ನಮ್ಮ ಪಶುವೈದ್ಯರು ಮೊದಲ ದಿನವೇ ಅಪ್ಪಣೆ ಕೊಟ್ಟಿದ್ದರು: “ಕಡೀ ಇಂಜೆಕ್ಷನ್ ಆಗಿ ಎರಡ ವಾರ ಕಳೀಲಿ. ಅಲ್ಲೀತನಕ ಬೀದಿ ನೆಲ ಮುಟ್ಟಿಸಬ್ಯಾಡ್ರಿ. ಎತ್ತಿಕೊಂಡು ಊರೆಲ್ಲಾ ತೋರಸ್ರಿ.” ಯಾವ ನಾಯಿಯ ರೋಗ ಯಾವ ಮಣ್ಣಿನಲ್ಲಿ ಕಾದು ಕೂತಿರುತ್ತದೋ ಹೇಳಲಾಗುವುದಿಲ್ಲವಂತೆ. ಹಾಗಾಗಿ ಕಾಳ್ಯಾನನ್ನು ಎದೆಗವಚಿಕೊಂಡು ಕೋಟೆ ತೋರಿಸಿದೆ, ರವಿವಾರ ಪೇಟೆ ತೋರಿಸಿದೆ. ಮೆಣಸಿನಕಾಯಿ ಚೀಲಗಳ ನಡುವೆ ಇಬ್ಬರೂ ಸೀನಿದೆವು. ಇಪ್ಪತ್ತು ವರ್ಷದಿಂದ ನನ್ನ ಹೆಸರು ಕೇಳದ ಬೆಲ್ಲದ ವ್ಯಾಪಾರಿ ಅವನ ಹೆಸರು ಕೇಳಿದ. ಇದೆಲ್ಲದರ ಫೋಟೋ ಯಲ್ಲಪ್ಪನಿಗೆ ಹೋಗುತ್ತಿತ್ತು.

ಅವನಿಂದಲೂ ಬರುತ್ತಿತ್ತು. ಹಸಿರು ಹುಲ್ಲು, ಹಿಂದೆ ಮಲಪ್ರಭೆ, ನಡುವೆ ನಾಲ್ಕೂ ಕಾಲು ಗಾಳಿಯಲ್ಲಿಟ್ಟು ಓಡುವ ರಾಣಿ. ಇತ್ತ ನಮ್ಮವನು ಬಾಲ್ಕನಿಯ ಸರಳಿಗೆ ಮೂತಿ ಒತ್ತಿ ಬೀದಿ ನೋಡುತ್ತಿದ್ದ. ಹಿಂದಿನವರು ಕೂಸನ್ನು ಮೊದಲ ಸಲ ಹೊರಗೆ ತಂದು ಸೂರ್ಯನನ್ನು ತೋರಿಸುವುದಕ್ಕೆ ನಿಷ್ಕ್ರಮಣವೆಂದು ಹೆಸರಿಟ್ಟು, ನಾಲ್ಕನೆಯ ತಿಂಗಳು ಗೊತ್ತುಮಾಡಿದ್ದರು. ನಾಯಿಮರಿಗೂ ಹೆಚ್ಚುಕಡಿಮೆ ಅದೇ ಲೆಕ್ಕ. ಆದರೆ ಗೆಳೆಯನ ಮರಿ ಮೊದಲೇ ಓಡತೊಡಗಿದರೆ ಏನು ಮಾಡಬೇಕೆಂದು ಶಾಸ್ತ್ರದಲ್ಲಿಲ್ಲ.

ಗಡುವಿಗೆ ಇನ್ನೂ ಹತ್ತು ದಿನವಿತ್ತು. ನನಗೆ ತಡೆಯಲಾಗಲಿಲ್ಲ. ಭಾನುವಾರ ಕಾಳ್ಯಾನನ್ನು ಕೈಚೀಲದಲ್ಲಿ ಕೂರಿಸಿಕೊಂಡು ಖಾನಾಪುರದ ಬಸ್ಸು ಹತ್ತಿದೆ. ಹೊಳೆದಂಡೆಯಲ್ಲಿ ಇವನೂ ಓಡಲಿ, ಫೋಟೋ ನಾನೂ ತೆಗೆಯುತ್ತೇನೆ.

ಬಸ್‌ಸ್ಟ್ಯಾಂಡಿನಲ್ಲಿ ಇಳಿದವನೇ ಕಾಳ್ಯಾನನ್ನು ನೆಲಕ್ಕೆ ಬಿಡಲು ಬಗ್ಗಿದೆ. ಕರೆಯಲು ಬಂದಿದ್ದ ಯಲ್ಲಪ್ಪ ನನ್ನ ಮೊಣಕೈ ಹಿಡಿದ. ಅವನ ಹೆಗಲ ಕಂಬಳಿಯ ಮಡಿಕೆಯಿಂದ ರಾಣಿ ಇಣುಕುತ್ತಿದ್ದಳು.

“ಇಳಿಸಬ್ಯಾಡೋ. ಹೋದ ವರ್ಷ ಎರಡ ಮರಿ ಹೊಳೀ ದಂಡಿಗೆ ಬಿಟ್ಟು ಕಳಕೊಂಡೇನಿ. ರೋಗ ಹತ್ತಿ ಮೂರ ದಿನದಾಗ ಹೋದವು.”

“ಮತ್ತ ಆ ಫೋಟೋ?”

“ಅದು ನಮ್ಮ ಮನಿ ಮಾಳಿಗಿ ಮ್ಯಾಲ. ಕುರಿಗೆ ಹುಲ್ಲ ಹರವಿದ್ದೆ. ಹೊಳಿ ಹಿಂದ ಕಾಣತೈತಿ, ಅಷ್ಟ. ಕುರಿ ಹಿಂದ ನಡಿಯೂತನಕ ಮರಿ ಕಂಬಳಿ ಒಳಗ ಇರಬೇಕು, ನಮ್ಮಪ್ಪನೂ ಹಂಗ ಹೊರತಿದ್ದ.” ರಾಣಿಯ ತಲೆಯನ್ನು ಕಂಬಳಿಯೊಳಗೆ ಒತ್ತುತ್ತ ಹೇಳಿದ: “ಖರೇ ಹೇಳಲೇನು? ನಿನ್ನ ನಾಯಿ ಕೋಟಿ ನೋಡತಿತ್ತು, ಪೇಟಿ ನೋಡತಿತ್ತು. ನನಗೂ ತಡೀಲಿಲ್ಲ.”

ಕಾಳ್ಯಾನನ್ನು ಮತ್ತೆ ಕೈಚೀಲದಲ್ಲಿ ಕೂರಿಸಿ ಮನೆಗೆ ಕರೆತಂದೆ. ಇನ್ನೊಂದು ಗೇಣು ಬಗ್ಗಿದ್ದರೆ ನನ್ನ ಹೊಟ್ಟೆಕಿಚ್ಚಿನ ದಂಡವನ್ನು ಕಾಳ್ಯಾ ತೆರಬೇಕಿತ್ತು.

ಹತ್ತು ದಿನ ಕಳೆದ ಮೇಲೆ ಅವನನ್ನು ನಮ್ಮ ಬೀದಿಗೆ ಇಳಿಸಿದೆ. ಎರಡು ಹೆಜ್ಜೆ ಇಟ್ಟು, ನೆಲ ಮೂಸಿ, ನನ್ನ ಕಾಲ ಹಿಂದೆ ಅಡಗಿದ. ಆಮೇಲೆ ಓಡಿದ್ದೇ ಓಡಿದ್ದು. ವಿಡಿಯೋ ತೆಗೆದೆ. ಕಳಿಸುವ ಮುನ್ನ ಯಲ್ಲಪ್ಪನಿಗೆ ಫೋನು ಮಾಡಿ ರಾಣಿಯ ಗಡುವು ಕೇಳಿದೆ. ಅವಳಿಗೆ ಕಡೆಯ ಇಂಜೆಕ್ಷನ್ ತಡವಾಗಿ ಆಗಿತ್ತು; ಇನ್ನೂ ಎಂಟು ದಿನವಿತ್ತು.

ಎಂಟು ದಿನ ಆ ವಿಡಿಯೋವನ್ನು ಕಳಿಸದೆ ನನ್ನ ಫೋನಿನಲ್ಲೇ ಇಟ್ಟುಕೊಂಡೆ. ಮರಿಯನ್ನು ಅಷ್ಟು ದಿನ ನೆಲಕ್ಕೆ ಬಿಡದೆ ಹಿಡಿದಿಟ್ಟುಕೊಂಡದ್ದು ಅದರ ಮುಂದೆ ಏನೇನೂ ಕಷ್ಟವಲ್ಲ.