ಕಡಲಿಗೆ ಭಂಡಾರ

ಸೊಲ್ಲಾಪುರದಲ್ಲಿ ನನ್ನ ಕಿವಿಗೆ ಬಿದ್ದ ಮೊದಲ ಮರಾಠಿ ಮಾತು ‘ಪಾಣೀ ಆಲಂ’. ನೀರು ಬಂತು ಎಂದು ಅರ್ಥ. ಗಲ್ಲಿಯ ತುದಿಯಲ್ಲಿ ಯಾರೋ ಕೂಗಿದ್ದೇ ತಡ, ಹಲ್ಲುಜ್ಜುತ್ತಿದ್ದವರು, ರೊಟ್ಟಿ ಬಡಿಯುತ್ತಿದ್ದವರು, ಪೂಜೆಗೆ ಕೂತವರು ಎಲ್ಲರೂ ಕೊಡ, ಬಕೆಟ್ಟು, ಪೈಪು ಹಿಡಿದು ಓಡಿದರು. ಎಲ್ಲೋ ಬೆಂಕಿ ಬಿತ್ತೆಂದುಕೊಂಡು ನಾನು ಚಪ್ಪಲಿಯನ್ನೂ ಹಾಕದೆ ಹೊರಗೆ ಬಂದೆ. ನೋಡಿದರೆ ನಲ್ಲಿ! ನಾಲ್ಕೈದು ದಿನಕ್ಕೊಮ್ಮೆ ಬರುವ ನಲ್ಲಿ ನೀರು. ಹೊನ್ನಾವರದ ನಮ್ಮ ಮನೆಯ ಬಾವಿಯಲ್ಲಿ ಮಳೆಗಾಲಕ್ಕೆ ಬಗ್ಗಿ ಚೊಂಬಿನಿಂದಲೇ ನೀರು ತೆಗೆಯಬಹುದು. ಮರಳು ದಿಬ್ಬ ದಾಟಿದರೆ ಕಡಲು. ನೀರು ಬರುವುದೂ ಒಂದು ಸುದ್ದಿ ಎಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ನಾನು ನರ್ಸ್. ಇಲ್ಲಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತೆಂದು, ಒಂದು ವರ್ಷ ಅಷ್ಟೇ ಎಂದು ಅಮ್ಮನಿಗೆ ಮಾತು ಕೊಟ್ಟು ಬಂದವಳು, ಇಲ್ಲಿಯವನನ್ನೇ ಮದುವೆಯಾಗಿ ಉಳಿದೆ. ಮಾಳಪ್ಪ ಅಕ್ಕಲಕೋಟ ತಾಲೂಕಿನ ಹನ್ನೂರಿನವನು. ಕುರಿ ಸಾಕುವ ಮನೆತನ. ಇವನೊಬ್ಬ ಕುರಿ ಬಿಟ್ಟು ಪೇಟೆಯಲ್ಲಿ ನೀರಿನ ಮೋಟರ್ ರಿಪೇರಿ ಅಂಗಡಿ ಇಟ್ಟಿದ್ದಾನೆ. ಮನೆಮಾತು ಕನ್ನಡ, ಕಲಿತದ್ದು ಮರಾಠಿ ಸಾಲೆಯಲ್ಲಿ. ಕನ್ನಡದ ಒಂದಕ್ಷರ ಓದಲು ಬರುವುದಿಲ್ಲ. ನಾನು ಮಾತಾಡಿದರೆ ಯಾರೋ ಪುಸ್ತಕ ಓದಿ ಹೇಳಿದ ಹಾಗಾಗುತ್ತದೆ ಎಂದು ನಗುತ್ತಾನೆ. ಅವನ ಕನ್ನಡದಲ್ಲಿ ಅರ್ಧ ಮರಾಠಿ ಕಲಸಿಕೊಂಡಿದೆ. ಮೊದಲ ಆರು ತಿಂಗಳು ನಾವು ಜಗಳವಾಡಿದ್ದು ಕಡಿಮೆ, ಜಗಳ ಅರ್ಥವಾಗಬೇಕಲ್ಲ.

ಮದುವೆಯಾಗಿ ಹನ್ನೂರಿನ ಮನೆಯ ಹೊಸ್ತಿಲಲ್ಲಿ ನಿಂತಾಗ ಅತ್ತೆ ಸುಂದ್ರಾಬಾಯಿ ಮುಷ್ಟಿ ತುಂಬಾ ಭಂಡಾರ ತಂದು ನನ್ನ ಹಣೆಗೆ, ಕೆನ್ನೆಗೆ, ಕತ್ತಿಗೆ ಬಳಿದರು. ಭಂಡಾರವೆಂದರೆ ಕುರಿಗಾರರ ದೇವರು ಬೀರೋಬನ ಗುಡಿಯ ಅರಿಶಿನ ಪುಡಿ. ಇಲ್ಲಿ ಯಾವ ಒಳ್ಳೆಯದು ನಡೆದರೂ ಅದನ್ನು ಹಚ್ಚುತ್ತಾರೆ, ಎರಚುತ್ತಾರೆ. ಎಷ್ಟು ತೊಳೆದರೂ ಹೋಗಲಿಲ್ಲ. ರಜೆ ಮುಗಿಸಿ ಡ್ಯೂಟಿಗೆ ಹೋದಾಗ ಡಾಕ್ಟರು ನನ್ನ ಮುಖ ನೋಡಿ, ಕಾಮಾಲೆಯೇ, ರಕ್ತ ಪರೀಕ್ಷೆ ಮಾಡಿಸಮ್ಮ ಎಂದರು.

ಊಟಕ್ಕೆ ತೊಂದರೆಯಾಗಲಿಲ್ಲ. ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಹಬ್ಬಕ್ಕೆ ಕುರಿಮಾಂಸದ ಸಾರು, ಎಲ್ಲವೂ ಒಗ್ಗಿತು. ಒಗ್ಗದೇ ಉಳಿದದ್ದು ಗಾಳಿ. ಊರಲ್ಲಿ ಉಪ್ಪಿನ ಭರಣಿಯಲ್ಲಿ ಚಮಚ ಸಿಕ್ಕಿಹಾಕಿಕೊಳ್ಳುತ್ತದೆ, ಹಪ್ಪಳ ಒಂದೇ ದಿನಕ್ಕೆ ಮೆತ್ತಗಾಗುತ್ತದೆ, ಗೇಟಿಗೆ ವರ್ಷಾ ವರ್ಷಾ ಬಣ್ಣ ಬಳಿದರೂ ತುಕ್ಕು. ಅದನ್ನೆಲ್ಲ ಬೈದುಕೊಂಡೇ ಬೆಳೆದವಳು ನಾನು. ಇಲ್ಲಿ ಉಪ್ಪು ಮರಳಿನ ಹಾಗೆ ಸುರಿಯುತ್ತದೆ, ಅಜ್ಜನ ಕಾಲದ ಬೀಗ ಹೊಳೆಯುತ್ತದೆ. ಒಂದು ದಿನ ಉಪ್ಪಿನ ಡಬ್ಬಿ ತೆರೆದು, ಅದು ಪುಡಿಪುಡಿಯಾಗಿ ಸುರಿದದ್ದನ್ನು ನೋಡಿ ಅಡುಗೆಮನೆಯಲ್ಲಿ ನಿಂತು ಅತ್ತುಬಿಟ್ಟೆ. ಇಂಥದ್ದಕ್ಕೆ ಅಳುವವರೂ ಇದ್ದಾರೆಯೇ ಎಂದು ಮಾಳಪ್ಪ ಗಾಬರಿಯಾದ.

ಅದಾದ ಕೆಲವು ದಿನಕ್ಕೆ ಮಕ್ಕಳ ಡಾಕ್ಟರೊಬ್ಬರ ಕ್ಲಿನಿಕ್ಕಿಗೆ ಕಾಗದ ಪತ್ರ ಕೊಡಲು ಹೋಗಿದ್ದೆ. ಹೊರಗಿನ ಕೋಣೆಯಲ್ಲಿ ದೊಡ್ಡ ಗಾಜಿನ ತೊಟ್ಟಿ. ಒಳಗೆ ಮೀನು, ಕಲ್ಲು, ಕಲ್ಲಿನ ಮೇಲೆ ಹೂವಿನಂತೆ ಅಲುಗಾಡುವ ಏನೇನೋ. ಇದು ಉಪ್ಪುನೀರಿನದು, ಅಲುಗಾಡುವುದು ಜೀವಂತ ಹವಳ ಎಂದು ಅಲ್ಲಿ ಕೂತಿದ್ದ ಹುಡುಗಿ ಹೇಳಿದಳು. ಅವಳು ಆಚೆ ತಿರುಗಿದ್ದೇ ಬೆರಳು ಅದ್ದಿ ನಾಲಿಗೆಗೆ ಹಚ್ಚಿಕೊಂಡೆ. ಅಬ್ಬಾ, ಕಡಲು! ಅವಳು ನೋಡಿಬಿಟ್ಟಳು. ನರ್ಸ್ ಡ್ರೆಸ್ಸಿನಲ್ಲಿದ್ದೆ ಬೇರೆ. ಮನೆಗೆ ಬಂದು ಮಾಳಪ್ಪನಿಗೆ, ನನಗೊಂದು ಅಂಥದ್ದು ಬೇಕು, ಇಲ್ಲದಿದ್ದರೆ ನನ್ನಿಂದ ಇಲ್ಲಿ ಇರಲು ಆಗುವುದಿಲ್ಲ ಎಂದೆ. ಬೆದರಿಕೆ ಹಾಕಲು ಹೇಳಿದ್ದಲ್ಲ. ನಿಜವಾಗಿಯೂ ಆಗುತ್ತಿರಲಿಲ್ಲ.

ಅವನು ಮೋಟರಿನ ಮನುಷ್ಯ. ಪಂಪು, ಪೈಪು, ಅಲೆ ಎಬ್ಬಿಸುವ ಯಂತ್ರ ಎಂದ ಕೂಡಲೇ ಕಣ್ಣು ಅರಳಿದವು. ಗಾಜಿನ ತೊಟ್ಟಿ ಇಲ್ಲಿಯೇ ಮಾಡಿಸಿದೆವು, ಉಪ್ಪು ಪುಣೆಯಿಂದ ಎಸ್‌ಟಿ ಬಸ್ಸಿನಲ್ಲಿ ಬಂತು. ಕಡಲ ದಂಡೆಯ ಹುಡುಗಿ ಘಟ್ಟದ ಆಚೆ ಕೂತು ಉಪ್ಪು ತರಿಸಿಕೊಳ್ಳುತ್ತಾಳೆ ಎಂದು ಅಣ್ಣ ಫೋನಿನಲ್ಲಿ ಬಿದ್ದು ಬಿದ್ದು ನಕ್ಕ. ಇಲ್ಲಿಯ ಬೋರಿನ ನೀರು ಗಡಸು. ಅದನ್ನು ಹವಳ ತಾಳುವುದಿಲ್ಲ. ನಲ್ಲಿ ನೀರನ್ನು ಫಿಲ್ಟರಿನಲ್ಲಿ ಸೋಸಿ, ಉಪ್ಪು ಕರಗಿಸಿ, ಕಡಲಿನಷ್ಟೇ ಉಪ್ಪಾಗಿದೆಯೇ ಎಂದು ಅಳತೆಯ ಗಾಜಿನಲ್ಲಿ ನೋಡಬೇಕು. ಸೋಸುವಾಗ ಹೊರಹೋಗುವ ನೀರನ್ನು ಚೆಲ್ಲಿದರೆ ಗಲ್ಲಿಯ ಹೆಂಗಸರು ನನ್ನನ್ನು ಬಿಡುತ್ತಿರಲಿಲ್ಲ. ಅದರಲ್ಲೇ ಪಾತ್ರೆ, ಬಟ್ಟೆ, ಅಂಗಳ ಎಲ್ಲ ತೊಳೆದೆ.

ತೊಟ್ಟಿ ತುಂಬಿದ ಕೂಡಲೇ ಮೀನು ಬಿಡುವಂತಿಲ್ಲ. ಕಲ್ಲು, ಮರಳಿನಲ್ಲಿ ಕಣ್ಣಿಗೆ ಕಾಣದ ಜೀವಿಗಳು ಮೊದಲು ನೆಲೆಯೂರಬೇಕು, ಮೀನಿನ ಹೊಲಸನ್ನು ಅರಗಿಸುವವು ಅವೇ. ಒಂದು ತಿಂಗಳಿಗೂ ಹೆಚ್ಚು ಕಾಲ ನಾವು ಬರೀ ನೀರು, ಬರೀ ಕಲ್ಲು ನೋಡುತ್ತಾ ಕೂತೆವು. ಮನೆಗೆ ಬಂದವರು ಮೀನೆಲ್ಲಿ ಎಂದು ಕೇಳುವುದು, ಬರುತ್ತವೆ ಎಂದು ನಾನು ಹೇಳುವುದು, ಅವರು ಮಾಳಪ್ಪನ ಕಡೆ ಪಾಪ ಎಂಬಂತೆ ನೋಡುವುದು. ಕಡೆಗೆ ಒಂದು ಜೊತೆ ಕ್ಲೌನ್ ಮೀನು ಬಂದವು, ಕಿತ್ತಳೆ ಮೈಗೆ ಬಿಳಿ ಪಟ್ಟಿ. ಜೊತೆಗೆ ಒಂದು ಕೆಂಪು ಸಿಗಡಿ, ಅಂಗೈಯಷ್ಟು ಹಸಿರು ಹವಳ. ಹೊಸ ನೀರಿಗೆ ಒಮ್ಮೆಲೇ ಬಿಟ್ಟರೆ ಸಾಯುತ್ತವೆ; ಹನಿ ಹನಿಯಾಗಿ ಒಗ್ಗಿಸಬೇಕು. ಅದು ನನ್ನ ಕೈಯ ಕೆಲಸವೇ. ಸಲೈನ್ ಹಚ್ಚುವ ಹೊಸ ನಳಿಕೆ ತಂದು, ಹನಿ ಹೊಂದಿಸುವ ಅದರ ಗಾಲಿ ತಿರುಗಿಸಿ, ತೊಟ್ಟಿಯ ನೀರು ಬಕೆಟ್ಟಿಗೆ ತೊಟ್ಟು ತೊಟ್ಟಾಗಿ ಬೀಳುವಂತೆ ಮಾಡಿ ಪಕ್ಕದಲ್ಲೇ ಕೂತೆ. ಒಂದು ಮಾತು ಹೇಳಿಬಿಡುತ್ತೇನೆ, ಇಂಥ ಮೀನನ್ನು ನಾನು ನಮ್ಮ ಕಡಲಿನಲ್ಲಿ ಎಂದೂ ನೋಡಿಲ್ಲ. ನಮ್ಮಲ್ಲಿ ಬಲೆಗೆ ಬೀಳುವುದು ಬಂಗುಡೆ, ತಾರ್ಲೆ. ಆದರೂ ಅವು ನೀರಿಗಿಳಿದಾಗ ನನ್ನ ಊರಿನವರು ಯಾರೋ ಬಂದಂತೆ ಎದೆ ತುಂಬಿ ಬಂತು.

ಮುಂದಿನ ವಾರ ಅತ್ತೆ ಬಂದರು. ಹನ್ನೂರಿನಿಂದ ಅಕ್ಕಲಕೋಟ, ಅಲ್ಲಿ ಸ್ವಾಮಿಗಳ ದರ್ಶನಕ್ಕೆ ಬಂದ ಜನರ ನಡುವೆ ನುಗ್ಗಿ ಇನ್ನೊಂದು ಎಸ್‌ಟಿ, ವಳಸಂಗ ದಾಟಿ ಸೊಲ್ಲಾಪುರ. ಚೀಲ ಇಳಿಸಿ, ತೊಟ್ಟಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತು ಬಹಳ ಹೊತ್ತು ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, “ತಿನ್ನಂಗಿಲ್ಲ, ಹಾಲ ಹಿಂಡಂಗಿಲ್ಲ, ಉಣ್ಣಿ ಕತ್ತರಸಂಗಿಲ್ಲ. ಮತ್ತ ಯಾಕ ಸಾಕತಿ?” ಎಂದರು.

ನೋಡಲಿಕ್ಕೆ ಎಂದೆ. ಊರ ನೆನಪಾದಾಗ ನೋಡಲಿಕ್ಕೆ ಎಂದೂ ಹೇಳಿದೆ. ಅತ್ತೆ ಸಮುದ್ರವನ್ನು ಎಂದೂ ನೋಡಿದವರಲ್ಲ. ಅವರಿಗೆ ದೊಡ್ಡ ನೀರೆಂದರೆ ಮಳೆಗಾಲದ ಕೆರೆ.

ಮೀನುಗಳು ಬಂದಾಗಿನಿಂದ ಕಲ್ಲಿನ ಸಂದಿ ಬಿಟ್ಟು ಹೊರಗೆ ಬರುತ್ತಿರಲಿಲ್ಲ, ಹಾಕಿದ್ದನ್ನು ಸರಿಯಾಗಿ ತಿನ್ನುತ್ತಿರಲಿಲ್ಲ. ನನ್ನ ಜೀವ ಅದರಲ್ಲೇ. ಡ್ಯೂಟಿಯಿಂದ ಫೋನು ಮಾಡಿ ಮಾಡಿ, ತಿಂದವೇ ಎಂದು ಕೇಳುತ್ತಿದ್ದೆ. ಅತ್ತೆ ಇದನ್ನೆಲ್ಲ ನೋಡಿದರು. ನಡುವೆ ಒಮ್ಮೆ ಹನ್ನೂರಿಗೆ ಹೋಗಿ ಬಂದರು. ಬಂದ ಮರುದಿನ ಮಧ್ಯಾಹ್ನ ನಾನು ಮನೆಗೆ ಬಂದರೆ ತೊಟ್ಟಿಯ ನೀರು ಹಳದಿ. ಒಳಗೆ ಕಲ್ಲು ಕಾಣುತ್ತಿಲ್ಲ, ಮೀನು ಕಾಣುತ್ತಿಲ್ಲ. ಪಂಪು ತಿರುತಿರುಗಿ ಅದನ್ನೇ ಕಲಕುತ್ತಿದೆ. ಅತ್ತೆ ಪಕ್ಕದಲ್ಲಿ ಹಳದಿ ಕೈ ಜೋಡಿಸಿಕೊಂಡು, ಮುಖದ ತುಂಬಾ ನಗು ಇಟ್ಟುಕೊಂಡು ಕೂತಿದ್ದಾರೆ.

“ಹಟ್ಟಿಗಿ ಹೊಸಾ ಕುರಿ ಬಂದ್ರ ಭಂಡಾರ ಹಚ್ಚಲಾರದ ಒಳಗ ಬಿಡಂಗಿಲ್ಲವಾ ನಾವು. ಇವಕ್ಕ ಯಾರೂ ಹಚ್ಚಿಲ್ಲ, ಅದಕ್ಕ ಅಂಜ್ಯಾವು. ಇನ್ನ ನೋಡು, ಮನಿ ಹಿಡಿತಾವು.”

ನಾನು ನೆಲದ ಮೇಲೆ ಕೂತು ಗೊಳೋ ಎಂದು ಅತ್ತುಬಿಟ್ಟೆ. ಒಂದು ತೊಟ್ಟಿ ನೀರಿಗೆ ಇಷ್ಟು ಅಳುವೇ ಎಂದು ನಿಮಗೆ ಅನ್ನಿಸಬಹುದು. ಇಡೀ ಸೊಲ್ಲಾಪುರದಲ್ಲಿ ನನ್ನದು ಎಂದು ಇದ್ದದ್ದು ಅದೊಂದೇ. ಅದು ಸತ್ತರೆ ನಾನು ಮತ್ತೊಮ್ಮೆ ಕಟ್ಟುತ್ತಿರಲಿಲ್ಲ, ಚೀಲ ಕಟ್ಟುತ್ತಿದ್ದೆ. ಅತ್ತೆಯ ನಗು ಇಳಿದುಹೋಯಿತು. ಅವರ ಮುಂದೆ ನಾನು ಅತ್ತದ್ದು ಅದೇ ಮೊದಲು.

ಮಾಳಪ್ಪ ಅಂಗಡಿಯಿಂದ ಓಡಿ ಬಂದ. ಬೇರೆ ಬಕೆಟ್ಟಿನಲ್ಲಿ ಮೊದಲೇ ಕಲಸಿಟ್ಟ ಉಪ್ಪುನೀರು ಒಂದಿಷ್ಟಿತ್ತು. ಮೀನು, ಸಿಗಡಿ, ಹವಳವನ್ನು ತಡಕಾಡಿ ಹಿಡಿದು ಅದರಲ್ಲಿ ಬಿಟ್ಟೆವು. ತೊಟ್ಟಿಯ ನೀರನ್ನು ಬದಲಿಸಬೇಕು. ಆದರೆ ಅಂದು ನೀರಿನ ದಿನವಲ್ಲ. ನಲ್ಲಿ ನೀರು ಬರುವುದು ಇನ್ನೆರಡು ದಿನಕ್ಕೆ. ಮನೆಯಲ್ಲಿ ಕುಡಿಯಲು ಇಟ್ಟ ಒಂದು ಜಾರು ಬಿಟ್ಟರೆ ಸೋಸಿದ ನೀರಿಲ್ಲ. ಜಾರಿನಲ್ಲಿ ನೀರು ಮಾರುವವನು ಫೋನು ಎತ್ತುತ್ತಿಲ್ಲ. ಮಾಳಪ್ಪ ತಾಯಿಯ ಮೇಲೆ ರೇಗಿದ. ನೋಡಿದರೆ ಅವರು ಮನೆಯಲ್ಲಿ ಇರಲೇ ಇಲ್ಲ.

ಈ ಗಲ್ಲಿಯಲ್ಲಿ ಒಂದು ರೀತಿಯಿದೆ. ಸಕ್ಕರೆ ಕೇಳಬಹುದು, ಎಣ್ಣೆ ಕೇಳಬಹುದು, ನಲ್ಲಿ ಬರದ ದಿನ ಕುಡಿಯುವ ನೀರು ಕೇಳುವಂತಿಲ್ಲ. ಕೇಳಿದರೆ ಇಲ್ಲ ಎನ್ನಲು ಅವರಿಗೂ ಕಷ್ಟ, ಹೌದು ಎನ್ನಲೂ ಕಷ್ಟ. ಅತ್ತೆ ಯಾರ ಮನೆಯಲ್ಲೂ ಒಂದು ಲೋಟ ನೀರು ಕುಡಿದವರಲ್ಲ. ಅವರು ಅಂದು ಬಾಗಿಲು ಬಾಗಿಲಿಗೆ ಹೋಗಿ, ತಮ್ಮ ಹನ್ನೂರಿನ ಕನ್ನಡದಲ್ಲಿ, ಬಾರದ ಮರಾಠಿಯಲ್ಲಿ, ಸೆರಗು ಮುಂದೆ ಮಾಡಿ ಕೇಳಿದ್ದರು. ಅರ್ಧ ತಾಸಿನಲ್ಲಿ ವಾಪಸು ಬಂದಾಗ ಅವರ ಹಿಂದೆ ಹೆಂಗಸರ ಸಾಲು. ಒಬ್ಬರ ಕೈಯಲ್ಲಿ ಜಾರು, ಒಬ್ಬರ ಕೈಯಲ್ಲಿ ಕೊಡ, ಎದುರು ಮನೆಯ ಮಗ್ಗದವರ ಹೆಂಗಸು ಎರಡು ಬಾಟಲಿ ಹಿಡಿದು ಮೀನಿಗೇ ಎಂದು ಇನ್ನೂ ನಂಬಲಾಗದೆ ಕೇಳುತ್ತಿದ್ದಳು. ಅತ್ತೆ ಜಾರನ್ನು ನನ್ನ ಮುಂದೆ ಇಳಿಸಿ, “ಮನ್ಯಾಗಿನ ಸೊಸಿದು ಜೀವ ಹೋಗಾಕತ್ತದ ಅಂತ ಹೇಳೀನಿ. ಸುಳ್ಳೇನಲ್ಲ” ಎಂದರು.

ಆ ನೀರಿಗೆ ಉಪ್ಪು ಕಲಸಿ, ತಿರುವಿ, ಅಳೆದು ಹಾಕಿದೆವು. ಫಿಲ್ಟರಿನ ಹತ್ತಿಯನ್ನು ಮತ್ತೆ ಮತ್ತೆ ಬದಲಿಸಿದೆವು, ಇದ್ದಿಲಿನ ಪೊಟ್ಟಣ ಇಟ್ಟೆವು. ನೀರು ತಿಳಿಯಾಗಲು ವಾರ ಹಿಡಿಯಿತು. ಮೀನುಗಳು ಬದುಕಿದವು. ಸಿಗಡಿ ಸತ್ತಿತು. ಬುಟ್ಟಿಗಟ್ಟಲೆ ಸಿಗಡಿ ಸುಲಿದು ಸಾರು ಮಾಡಿ ತಿಂದು ಬೆಳೆದ ನಾನು ಒಂದೇ ಒಂದು ಸಿಗಡಿಗೆ ಎರಡು ದಿನ ಕಣ್ಣೀರು ಹಾಕಿದೆ. ಅತ್ತೆ ಅದನ್ನು ಕರಿಬೇವಿನ ಗಿಡದ ಬುಡದಲ್ಲಿ ಹೂತರು. ಹವಳ ಬಿಗಿದು ಮುಚ್ಚಿಕೊಂಡು ಕಲ್ಲಿನ ಹಾಗೆ ಕೂತುಬಿಟ್ಟಿತ್ತು. ಇನ್ನು ಆಸೆಯಿಲ್ಲ ಎಂದು ನಾನು ಅದರ ಕಡೆ ನೋಡುವುದನ್ನೇ ಬಿಟ್ಟೆ. ಒಂದು ಬೆಳಗ್ಗೆ ಅತ್ತೆ ನನ್ನ ಭುಜ ಅಲ್ಲಾಡಿಸಿ ಎಬ್ಬಿಸಿ, ಕೈ ಹಿಡಿದು ಕರೆದುಕೊಂಡು ಹೋಗಿ ತೋರಿಸಿದರು. ಒಂದು ಮೂಲೆಯಲ್ಲಿ ನಾಲ್ಕೈದು ಹಸಿರು ಎಸಳುಗಳು ಹೊರಗೆ ಚಾಚಿ ಅಲೆಗೆ ಅಲುಗಾಡುತ್ತಿದ್ದವು. ನಾವಿಬ್ಬರೂ ಚಹಾ ಹಿಡಿದು, ಅದು ಆರುವತನಕ ಅಲ್ಲೇ ಕೂತೆವು. ಗಾಜಿನ ಅಂಚಿನ ಗಮ್ಮಿಗೆ ಹತ್ತಿದ ಅರಿಶಿನ ಇಂದಿಗೂ ಹೋಗಿಲ್ಲ. ಮೀನುಗಳು ಈಗ ಮುಂದೆಯೇ ಇರುತ್ತವೆ. ಭಂಡಾರದಿಂದಲೇ ಎಂದು ಅತ್ತೆ ಹೇಳಿದರೆ ನಾನು ವಾದಿಸುವುದಿಲ್ಲ.

ಕಳೆದ ತಿಂಗಳು ರಜೆ ಸಿಕ್ಕಿ ಹೊನ್ನಾವರಕ್ಕೆ ಹೋದೆ. ಸೊಲ್ಲಾಪುರದ ಬಿಸಿಲಿಗೆ ತೊಟ್ಟಿಯ ನೀರು ದಿನಾ ಆವಿಯಾಗಿ ಇಳಿಯುತ್ತದೆ. ಹೋಗುವುದು ನೀರು ಮಾತ್ರ, ಉಪ್ಪು ಒಳಗೇ ಉಳಿಯುತ್ತದೆ. ಅದಕ್ಕೇ ಮತ್ತೆ ತುಂಬುವಾಗ ಉಪ್ಪಿಲ್ಲದ ನೀರನ್ನೇ, ಗಾಜಿನ ಮೇಲೆ ಎಳೆದ ಗೀಟಿನವರೆಗೆ ಹಾಕಬೇಕು. ಆ ಕೆಲಸಕ್ಕೆ ಅತ್ತೆಯೇ ಕುರಿಗಳನ್ನು ದೊಡ್ಡ ಮಗನಿಗೆ ಒಪ್ಪಿಸಿ ಬಂದರು. ಹೊರಡುವಾಗ ನನ್ನ ಸೆರಗಿನ ತುದಿಗೆ ಏನೋ ಗಂಟು ಹಾಕಿದರು. ಮುಟ್ಟಿದರೆ ಭಂಡಾರ. ನಿಮ್ಮ ಕಡಲಿಗೆ ಹಾಕು, ಮೀನು ನಮ್ಮವಾದ ಮೇಲೆ ಅವುಗಳ ತವರನ್ನು ಬಿಟ್ಟರೆ ಹೇಗೆ ಎಂದರು. ಈ ಮೀನುಗಳ ತವರು ಅದಲ್ಲ ಎಂದು ಹೇಳಬಹುದಿತ್ತು, ಹೇಳಲಿಲ್ಲ.

ಊರಿಗೆ ಹೋದ ಮೇಲೆ ಗೊತ್ತಾಯಿತು, ನನ್ನ ಚರ್ಮ ಈಗ ಅಲ್ಲಿಯ ಸೆಕೆಯನ್ನು ತಾಳುವುದಿಲ್ಲ. ಹಪ್ಪಳ ಮೆತ್ತಗಾಗಿದೆ ಎಂದು ಮೊದಲು ದೂರಿದವಳು ನಾನೇ. ಅಮ್ಮ ಬಾಯಿ ಬಿಟ್ಟುಕೊಂಡು ನೋಡಿದಳು. ಸಂಜೆ ದಿಬ್ಬ ದಾಟಿ ನೀರಿಗಿಳಿದು ಅತ್ತೆಗೆ ವಿಡಿಯೋ ಕಾಲ್ ಮಾಡಿದೆ. ಗಂಟು ಬಿಚ್ಚಿ ಭಂಡಾರ ಎರಚಿದೆ. ಒಂದು ಅಲೆ ಬಂತು, ಹಳದಿ ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ಫೋನನ್ನು ಮೆಲ್ಲಗೆ ತಿರುಗಿಸಿ ಈ ತುದಿಯಿಂದ ಆ ತುದಿಯವರೆಗೆ ತೋರಿಸಿದೆ. ಅತ್ತೆಯ ಮಾತೇ ಇಲ್ಲ. ನೆಟ್ ಹೋಯಿತು ಎಂದುಕೊಂಡೆ. ಆದರೆ ಅವರ ಹಿಂದೆ ನಮ್ಮ ತೊಟ್ಟಿಯ ಪಂಪು ಗುರ್ರ್ ಎನ್ನುವುದು ಕೇಳುತ್ತಿತ್ತು.

“ಸುಮಾ,” ಎಂದರು ಅತ್ತೆ, “ಇಷ್ಟ ನೀರ ಬಿಟ್ಟ ಬಂದಿಯೇನವಾ ನಮ್ಮ ಮನಿಗಿ?”

ಗೀಟಿನ ತನಕ ನೀರು ಹಾಕಿದ್ದೀರಾ ಎಂದು ಕೇಳಿದೆ. ಹಾಕೀನಿ, ನೀ ಎಂದ ಬರ್ತಿ ಎಂದರು ಅವರು. ಅದೇ ಹೊತ್ತಿಗೆ ಹಿಂದೆ, ದಿಬ್ಬದ ಮೇಲೆ ನಿಂತು ಅಮ್ಮನೂ ಕೂಗಿದಳು, ಕತ್ತಲಾಯಿತು, ಬಾ ಎಂದು. ಮೊಣಕಾಲಿನವರೆಗೆ ನೀರು, ಕೈಯಲ್ಲಿ ಅರಿಶಿನ. ‘ಬಂದೆ’ ಎಂದೆ. ಇಬ್ಬರಿಗೂ ಕೇಳಿಸಿತು.