ತಾಳೆ ಮಾಮನ ಅರ್ಧ ದಿನ

ಗ್ರಾಹಕರ ಮುಂದೆ ತಂಡದ ಮುಖ್ಯಸ್ಥೆ ಜಂಬದಿಂದ ಹೊಸ ಸಾಫ್ಟ್‌ವೇರ್ ತೆರೆದರೆ ಪರದೆಯ ಮೇಲೆ ಬಂದದ್ದು ಹೋದ ವರ್ಷದ್ದು. "ಆಡಿಟ್ ಮಾಡಿಸಿ, ತಪ್ಪು ಮಾಡಿದವರನ್ನ ಆಮೇಲೆ ನೋಡ್ಕೋತೀನಿ" ಎಂದು ಸಾಹೇಬರು ಗುಡುಗಿದ ಮೇಲೆ ತಾಳೆ ಮಾಮನನ್ನು ಕರೆಸಲೇಬೇಕಾಯಿತು. ಯಂತ್ರದಲ್ಲಿರುವುದೂ ದಾಖಲೆಯಲ್ಲಿರುವುದೂ ಒಂದೇನಾ ಎಂದು ತಾಳೆ ನೋಡುವುದು ಅವರ ಕೆಲಸ. ಅದಕ್ಕೆಷ್ಟು ದಿನ ಬೇಕೆಂಬ ಅಂದಾಜು ಮಾತ್ರ ಕಡತ ನೋಡಿ ಹುಟ್ಟುವುದಲ್ಲ, ಮುಖ ನೋಡಿ ಹುಟ್ಟುವುದು. "ನಮ್ಮದೆಲ್ಲ ಪಕ್ಕಾ ಸಾರ್" ಎಂದು ಎದೆ ತಟ್ಟಿದವರಿಗೆ ಒಂದು ವಾರ ಸೇರಿಸುತ್ತಾರೆ, "ಯಾಕೋ ಅನುಮಾನ" ಎಂದು ತಲೆ ಕೆರೆದವರಿಗೆ ಎರಡು ದಿನ ಇಳಿಸುತ್ತಾರೆ. ಉಪ್ಪು ಸರಿಯಾಗಿದೆ ಎಂದು ಹೆಂಡತಿ ಖಾತ್ರಿ ಕೊಟ್ಟ ದಿನ ಊಟಕ್ಕೆ ಇನ್ನೊಂದು ಲೋಟ ನೀರಿಟ್ಟುಕೊಂಡೇ ಕೂರುತ್ತಾರಂತೆ. ದಾರ ಕಟ್ಟಿ ಕೊರಳಿಗೆ ನೇತುಹಾಕಿದ ಕನ್ನಡಕವನ್ನು ಮೂಗಿಗೇರಿಸಿ, ಮುಖ್ಯಸ್ಥೆಯ ಬಾಡಿದ ಮುಖ ನೋಡಿ, "ಎರಡೂವರೆ ದಿನ" ಎಂದರು. ಎರಡನೆಯ ಸಂಜೆ ತಪ್ಪು ಸಿಕ್ಕಿತು: ಹೊಸದರ ಜಾಗದಲ್ಲಿ ಹಳೆಯದನ್ನು ಇಟ್ಟವಳು ಮುಖ್ಯಸ್ಥೆಯೇ! ಮಾಮ ಬಾಗಿಲು ಮುಂದೆ ಮಾಡಿ, ಉಳಿದ ಅರ್ಧ ದಿನ ಪಕ್ಕದಲ್ಲಿ ಕೂತು ಆಕೆಯ ಕೈಯಿಂದಲೇ ಸರಿಮಾಡಿಸಿ, ವರದಿಯಲ್ಲಿ "ತಪ್ಪಿತ್ತು, ಸರಿಹೋಗಿದೆ" ಎಂದಷ್ಟೇ ಬರೆದರು. ಯಾರ ಹೆಸರೂ ಇಲ್ಲ. ಹೋದ ಜೀವ ಬಂದಂತಾಗಿ ಆಕೆ ಕೇಳಿದಳು: "ಮಾಮ, ಎಲ್ಲರ ಅಂದಾಜಿಗೂ ಈ ಅರ್ಧ ದಿನ ಸೇರಿಸ್ತೀರಂತಲ್ಲ, ಯಾಕೆ?" ಕೊರಳಲ್ಲಿದ್ದ ಕನ್ನಡಕ ಒರೆಸುತ್ತಾ ಮಾಮ ಹೇಳಿದರು: "ಕನ್ನಡಕ ಹುಡುಕೋದಕ್ಕೆ ಕಣಮ್ಮ."